ಎಪ್ಪತ್ತನೇ ನಿಮಿಷ

ಇನಾಸ ಮಾಸ್ತರರೇ,
ಎಪ್ಪತ್ತನೇ ನಿಮಿಷಕ್ಕೆ ನೀವು ಗಡಿಯಾರ ನೋಡುತ್ತೀರಿ,
ಎಡ ಅಂಚಿನ ಹುಡುಗನನ್ನು ಹೊರಗೆ ಕರೆಯುತ್ತೀರಿ.
ಇದು ನಿಮ್ಮ ಹೆಂಡತಿಗೆ ಗೊತ್ತು,
ಶೇಂಗಾ ಮಾರುವವನಿಗೆ ಗೊತ್ತು,
ಸದಾಶಿವಗಡದವರಿಗಂತೂ ಹತ್ತು ವರ್ಷದಿಂದ ಗೊತ್ತು.
ಅರವತ್ತೊಂಬತ್ತಕ್ಕೇ ಅವರ ರೈಟ್ ಬ್ಯಾಕ್
ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತಾನೆ
ಅಂಕೋಲೆ ಬಸ್ಸಿಗೆ ಕಾಯುವವನ ಹಾಗೆ.

ನಾನು ಬೈತಖೋಲದ ಐಸ್ ಫ್ಯಾಕ್ಟರಿಯವನು.
ಬೆಳಗಿನ ಜಾವ ಮೂರಕ್ಕೆ ಗಡ್ಡೆ ಒಡೆದು ಬೋಟು ತುಂಬುತ್ತೇನೆ.
ಭಾನುವಾರ ಮಾತ್ರ ಮೈದಾನದ ಮೂಡಣ ಕಟ್ಟೆ,
ಮೇಲಿಂದ ಮೂರನೇ ಮೆಟ್ಟಿಲು.
ಇಪ್ಪತ್ತಮೂರು ವರ್ಷ ಅದೇ ಕಲ್ಲು.
ನಿಮ್ಮ ಕುರ್ಚಿಗೂ ಅಷ್ಟೇ ವಯಸ್ಸು.

ನೀವು ಬಂದ ವರ್ಷ ಮರೆತಿಲ್ಲ.
ಬೋಟು ಬಂದಾದ ಎರಡು ತಿಂಗಳು
ಕೆಲಸವಿಲ್ಲದೆ ಇಸ್ಪೀಟಾಡುತ್ತಿದ್ದ ಖಲಾಸಿಗಳನ್ನು ಎಬ್ಬಿಸಿ
ಕಾಳಿ ಕಡಲು ಸೇರುವಲ್ಲಿ ಒದ್ದೆ ಮರಳ ಮೇಲೆ ಓಡಿಸಿದಿರಿ.
ಕೊಡೆಯ ತುದಿಯಿಂದ ಗೆರೆ ಎಳೆದು ಕೇಳಿದಿರಿ:
ರಂಪಣಿ ಹೇಗೆ ಎಳೆಯುತ್ತೀರಿ?
ಎರಡು ತುದಿ ದಡಕ್ಕೆ ಕೂಡಿ ಬರಬೇಕಲ್ಲ,
ಒಬ್ಬ ಸಡಿಲ ಬಿಟ್ಟರೆ ಮೀನೆಲ್ಲ ಹೋಯಿತಲ್ಲ,
ಅಷ್ಟೇ ಆಟ. ಬೇರೇನಿಲ್ಲ.

ಹೌದು, ಅಷ್ಟೇ ಆಗಿತ್ತು.
ಗೋವೆಯಿಂದ ಎರಡು ಬಸ್ಸು ಮಾಡಿಕೊಂಡು ಬಂದವರು
ಮೂರು ಗೋಲು ತಿಂದು ಊಟ ಬಿಟ್ಟು ಹೋದರು.
ಮರುವಾರ ಅವರೂರಲ್ಲೇ ಗೆದ್ದು ಬರುವಾಗ,
ಈಗ ಕುಸಿದಿರುವ ಆ ಹಳೇ ಸೇತುವೆಯ ನಡುವೆ,
ಟೆಂಪೋದ ಟಾಪಿನ ಮೇಲೆ ನಾನು ಅತ್ತೆ.
ಗಾಳಿಗೆ ಕಣ್ಣಲ್ಲಿ ನೀರು ಅಂದೆ ಎಲ್ಲರಿಗೂ.

ಈಗ ರಂಪಣಿ ಎಳೆಯುವವರು ಎಷ್ಟು ಮಂದಿ, ಮಾಸ್ತರರೇ?
ಮೀನು ಬೇರೆ ದಾರಿ ಹಿಡಿದು ಕಾಲವಾಯಿತು.
ನಿಮ್ಮ ಕೊಡೆ ಅದೇ, ಗೆರೆ ಅದೇ.
ಬಿಣಗಾದ ಹೈಸ್ಕೂಲು ಹುಡುಗರು,
ಇನ್ನೂ ಮೀಸೆ ಮೂಡದವರು, ನಾಲ್ಕು ಹೊಡೆದರು.
ನೆಲ ಒದ್ದೆ ಅಂದಿರಿ.
ಮುಂದಿನ ವಾರ ರೆಫ್ರಿ ಸರಿಯಿಲ್ಲ ಅಂದಿರಿ.
ಅದರ ಮುಂದಿನ ವಾರ, ದೇವರಾಣೆ,
ಚೆಂಡು ಹಗುರ ಅಂದಿರಿ.

ಬಸ್ತ್ಯಾಂವ ಸಿದ್ದಿ ಯಲ್ಲಾಪುರದಿಂದ ಬಸ್ಸು ಬದಲಿಸಿ ಬರುತ್ತಾನೆ,
ಎಡಗಾಲಲ್ಲಿ ಚೆಂಡು ಇಟ್ಟುಕೊಂಡು
ಮೂವರನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಾನೆ.
ಅವನನ್ನೇ ಕರೆಯುತ್ತೀರಿ.
ಅವನು ಬರುತ್ತಾನೆ, ನೀರು ಕುಡಿಯುತ್ತಾನೆ, ಶೂ ಬಿಚ್ಚುತ್ತಾನೆ,
ನಿಮ್ಮನ್ನು ನೋಡುವುದಿಲ್ಲ. ಒಂದು ಮಾತಿಲ್ಲ.
ಆ ಮೌನವನ್ನು ಮನೆಗೆ ಒಯ್ಯುವವನು ನಾನು.

ಆದ್ದರಿಂದ ಅರ್ಜಿ ಬರೆದೆ, ಕಮಿಟಿಗೆ.
ತಾಂಡೇಲನ ಚಹದಂಗಡಿಯಲ್ಲಿ, ಮೂರು ರಾತ್ರಿ.
ಮಾನ್ಯರೇ ಎಂದು ಶುರು,
ಗೌರವಪೂರ್ವಕವಾಗಿ ಎಂಬುದು ಎರಡು ಸಲ,
ವಿಶ್ರಾಂತಿ ಎಂಬ ಶಬ್ದದ ಮೇಲೆ ಚಹದ ಕಲೆ.
ನಲವತ್ತೊಂದು ಸಹಿ ಬಿದ್ದಿದೆ.
ನನ್ನದು ಇನ್ನೂ ಇಲ್ಲ;
ಐಸಿನ ಕೈ, ಕಾಗದ ಒದ್ದೆಯಾಗುತ್ತದೆ ಅಂದುಕೊಂಡಿದ್ದೇನೆ.

ವಾರವಿಡೀ ಗಡ್ಡೆ ಒಡೆಯುತ್ತ ಒಂದು ಕೂಗು ರೂಢಿಮಾಡಿದ್ದೆ.
ಇವತ್ತು ಕೂಗುವುದೇ ಸೈ ಎಂದು ಬಂದೆ.
ಎರಡು ಸೊನ್ನೆ ಹಿಂದೆ ಇದ್ದೆವು.
ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಮೆಟ್ಟಿಲಿಂದ ಯಾವನೋ,
ನಿನ್ನೆ ಮೊನ್ನೆ ಹುಟ್ಟಿದವನು,
ಏ ಮುದುಕಾ, ಸಾಕು, ಮನೆಗೆ ಹೋಗೋ!

ನನ್ನದೇ ಕೂಗು. ಅಕ್ಷರ ಅಕ್ಷರ ನನ್ನದೇ.
ತಿರುಗಿದವನು ಅವನ ಕೊರಳಪಟ್ಟಿ ಹಿಡಿದಿದ್ದೆ.
ಯಾರಿಗೋ ಏಕವಚನ?
ಮೀನಿನ ಹೊಲಸು ನಾರುವ ನನ್ನ ಕೈಯನ್ನು
ಒಂದೊಂದೇ ಬೆರಳು ಬಿಡಿಸುತ್ತ ಅವನು ನಕ್ಕ:
ನಿಮ್ಮ ಅರ್ಜಿಯಲ್ಲಿರುವುದೂ ಅದೇ ಅಲ್ಲವಾ ಮಾಮಾ,
ಬಹುವಚನದಲ್ಲಿ.

ಅತ್ತ ಬಸ್ತ್ಯಾಂವ ಇನ್ನೂ ಓಡುತ್ತಿದ್ದ.
ಅರವತ್ತೆಂಟು.
ನೀವು ಅಂಗಿಯ ತುದಿಯಿಂದ ಗಡಿಯಾರದ ಗಾಜು ಒರೆಸಿದಿರಿ.
ಕುರ್ಚಿಯ ಹಿಡಿಗೆ ಕೈಯೂರಿ ಏಳತೊಡಗಿದಿರಿ,
ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು.
ಬೇಡ ಮಾಸ್ತರರೇ.
ಇವತ್ತೊಂದು ದಿನ ಕೂತಿರಿ.
ಎಪ್ಪತ್ತೊಂದಾದರೂ ಆಗಲಿ.